ಮಾಯಾ ಬೇಲಿಯ ಒಂದು ರಾತ್ರಿಯ ಅತಿಥಿಗಳು

ಮೇ ತಿಂಗಳ ಎರಡನೆಯ ವಾರ. ಬೆಳಗಿನ ಐದೂವರೆ ಗಂಟೆ. ವಸಂತ ಬಂದಿದೆ ಎನ್ನುವುದು ಪಂಚಾಂಗದ ಮಾತಾಯಿತು. ಸರೋವರದ ಮೇಲಿಂದ ಬೀಸುವ ಗಾಳಿಗೆ ಅದಿನ್ನೂ ತಿಳಿದಂತಿಲ್ಲ. ದಪ್ಪ ಕೋಟು, ಉಣ್ಣೆಯ ಟೋಪಿ ತೊಟ್ಟ ಹತ್ತು ಹದಿನೈದು ಮಂದಿ ಪೊದೆಗಳ ಸಾಲೊಂದರ ಮುಂದೆ ಮೌನವಾಗಿ ನಿಂತಿದ್ದಾರೆ. ಎಲ್ಲರ ಕೊರಳಲ್ಲೂ ದುರ್ಬೀನು. ಗುಂಪಿನಲ್ಲಿ ನಿವೃತ್ತ ಅಜ್ಜಂದಿರಿದ್ದಾರೆ, ಕಾಲೇಜಿನ ಹುಡುಗಿಯರಿದ್ದಾರೆ, ಕಚೇರಿಗೆ ಹೊರಡುವ ಮುನ್ನ ಒಂದು ಗಂಟೆ ಬಿಡುವು ಮಾಡಿಕೊಂಡು ಬಂದವರೂ ಇದ್ದಾರೆ.

ಯಾರೋ ಪಿಸುಗುಟ್ಟುತ್ತಾರೆ. ದುರ್ಬೀನುಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಎಲೆಯಿನ್ನೂ ಪೂರ್ತಿ ಬಿಡದ ರೆಂಬೆಯ ಮೇಲೆ ಒಂದು ಪುಟ್ಟ ಹಕ್ಕಿ. ಕೆಂಡದ ತುಣುಕನ್ನು ಗಂಟಲಿಗೆ ಅಂಟಿಸಿಕೊಂಡಂತೆ ಹೊಳೆಯುವ ಕಿತ್ತಳೆ ಬಣ್ಣ. ಹೆಸರು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್. ತೂಕ ಹತ್ತು ಗ್ರಾಂ. ಎರಡು ಟೀ ಚಮಚ ಸಕ್ಕರೆಯಷ್ಟು. ಚಳಿಗಾಲವನ್ನು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಕಾಡುಗಳಲ್ಲಿ ಕಳೆದು, ಗೂಡು ಕಟ್ಟಲು ಉತ್ತರದ ಶಂಕುಮರಗಳ ಕಾಡಿಗೆ ಹೊರಟಿರುವ ಈ ಜೀವ ನಡುದಾರಿಯಲ್ಲಿ ಉಸಿರು ತೆಗೆದುಕೊಳ್ಳಲು ಇಳಿದಿರುವುದು ಅಮೆರಿಕದ ಮಹಾನಗರ ಷಿಕಾಗೋದಲ್ಲಿ.

ಕನ್ನಡಿಗರಿಗೆ ಷಿಕಾಗೋ ಎಂದೊಡನೆ ನೆನಪಾಗುವುದು ಸ್ವಾಮಿ ವಿವೇಕಾನಂದರು, 1893ರ ಸರ್ವಧರ್ಮ ಸಮ್ಮೇಳನ. ಅವರು ಮಾತನಾಡಿದ ಕಟ್ಟಡ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯ. ಅದರ ಹಿಂದಿನ ಉದ್ಯಾನ ದಾಟಿದರೆ ಮಿಷಿಗನ್ ಸರೋವರ. ಸರೋವರವೆಂಬ ಹೆಸರು ಕೇಳಿ ಕೆರೆಯನ್ನು ಕಲ್ಪಿಸಿಕೊಳ್ಳುವಂತಿಲ್ಲ. ಉತ್ತರ ದಕ್ಷಿಣವಾಗಿ ಸುಮಾರು 490 ಕಿಲೋಮೀಟರ್ ಉದ್ದ, ಅಗಲವಾದ ಕಡೆ 190 ಕಿಲೋಮೀಟರ್. ಆಚೆ ದಡ ಕಾಣುವುದಿಲ್ಲ. ಅಲೆಗಳು ಸಮುದ್ರದಂತೆಯೇ ಬಂದು ಬಂಡೆಗೆ ಬಡಿಯುತ್ತವೆ. ಈ ನೀರಿನ ಅಂಚಿನಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಉದ್ದಕ್ಕೆ ಉದ್ಯಾನಗಳು ಒಂದರ ಪಕ್ಕ ಒಂದು ಹಬ್ಬಿವೆ. ಒಂದು ಕಡೆ ನೀರು, ಇನ್ನೊಂದು ಕಡೆ ಗಗನಚುಂಬಿ ಕಟ್ಟಡಗಳು, ನಡುವೆ ಹಸಿರಿನ ಸೆರಗು.

ಜಂಕ್ಷನ್ನಿನ ಪ್ರಯಾಣಿಕರು

ಕರ್ನಾಟಕದಲ್ಲಿ ಹಕ್ಕಿ ನೋಡುವುದೆಂದರೆ ರಂಗನತಿಟ್ಟಿನ ದೋಣಿ, ಕೊಕ್ಕರೆ ಬೆಳ್ಳೂರಿನ ಹುಣಸೆಮರ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಬಿಸಿಲೇರುತ್ತಿದ್ದಂತೆ ಹಿಮಾಲಯದಾಚೆಗೆ ಮರಳುತ್ತವೆ. ಅಲ್ಲಿ ಬಂದ ಹಕ್ಕಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಈ ಭಾನುವಾರ ತಪ್ಪಿದರೆ ಮುಂದಿನ ಭಾನುವಾರ ನೋಡಬಹುದು. ಷಿಕಾಗೋದ ದಡದಲ್ಲಿ ಹಾಗಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು, ಕಾಫಿ ಕುಡಿದು, ಮತ್ತೊಂದು ರೈಲು ಹತ್ತುವ ಪ್ರಯಾಣಿಕರಂತೆ ಇಲ್ಲಿಯ ಹಕ್ಕಿಗಳು. ಇಂದು ಕಂಡದ್ದು ನಾಳೆ ಇರುತ್ತದೆಂಬ ಭರವಸೆಯಿಲ್ಲ.

ವಾರ್ಬ್ಲರ್, ಥ್ರಷ್ ಮುಂತಾದ ಸಣ್ಣ ಹಕ್ಕಿಗಳು ರಾತ್ರಿ ಪ್ರಯಾಣಿಕರು. ನಕ್ಷತ್ರಗಳನ್ನೂ ಭೂಮಿಯ ಅಯಸ್ಕಾಂತ ಶಕ್ತಿಯನ್ನೂ ನಂಬಿ ಕತ್ತಲಲ್ಲಿ ಹಾರುತ್ತವೆ. ಹಗಲು ಇಳಿದು ಹುಳ ತಿಂದು ಚೇತರಿಸಿಕೊಳ್ಳುತ್ತವೆ. ಅವುಗಳಲ್ಲಿ ಅನೇಕವು ಮೆಕ್ಸಿಕೋ ಕೊಲ್ಲಿಯನ್ನು, ಸುಮಾರು ಸಾವಿರ ಕಿಲೋಮೀಟರ್ ನೀರನ್ನು, ಎಲ್ಲೂ ನಿಲ್ಲದೆ ಒಂದೇ ಹಾರಾಟದಲ್ಲಿ ದಾಟಿ ಬಂದಿರುತ್ತವೆ. ಉತ್ತರಕ್ಕೆ ಸಾಗುವಾಗ ಬೆಳಗಾದೊಡನೆ ಕೆಳಗೆ ನೋಡಿದರೆ ಸರೋವರದ ನೀರೇ ನೀರು. ಆಗ ದಡದತ್ತ ತಿರುಗುತ್ತವೆ. ದಡದಲ್ಲಿ ಕಾಣುವುದು ಮೈಲಿಗಟ್ಟಲೆ ಕಾಂಕ್ರೀಟು. ಅದರ ಅಂಚಿಗೆ ನಾಲ್ಕು ಮರ, ಹತ್ತು ಪೊದೆ. ಸುಸ್ತಾದ ಹಕ್ಕಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ನೂರು ಚದರ ಮೈಲಿಯ ಕಾಡಿನಲ್ಲಿ ಹಂಚಿಹೋಗಬೇಕಾದ ಹಕ್ಕಿಗಳು ಒಂದು ಆಟದ ಮೈದಾನದಷ್ಟು ಜಾಗದಲ್ಲಿ ಸಿಗುವ ಗುಟ್ಟು ಇದು.

ಸೈನ್ಯ ನೆಟ್ಟ ಬೇಲಿ

ಈ ಜಾಗಗಳಲ್ಲೆಲ್ಲ ಹೆಸರುವಾಸಿಯಾದದ್ದು ನಗರದ ಉತ್ತರ ಭಾಗದ ಮಾಂಟ್ರೋಸ್ ಪಾಯಿಂಟ್. ಸರೋವರದೊಳಕ್ಕೆ ಚಾಚಿಕೊಂಡಿರುವ ಈ ನೆಲ ಪ್ರಕೃತಿ ಕೊಟ್ಟದ್ದಲ್ಲ. ಮಣ್ಣು ತುಂಬಿ ಮನುಷ್ಯ ಮಾಡಿದ್ದು. 1930ರ ದಶಕದಲ್ಲಿ ಆಲ್ಫ್ರೆಡ್ ಕಾಲ್ಡ್‌ವೆಲ್ ಎಂಬ ಉದ್ಯಾನ ಶಿಲ್ಪಿ ಇದಕ್ಕೆ ರೂಪ ಕೊಟ್ಟರು. ಶೀತಲ ಸಮರದ ಕಾಲದಲ್ಲಿ, 1950ರ ದಶಕದಲ್ಲಿ, ಇಲ್ಲಿ ಕ್ಷಿಪಣಿ ನೆಲೆ ತಲೆಯೆತ್ತಿತು. ಸೈನಿಕರ ವಸತಿ ಕಣ್ಣಿಗೆ ಬೀಳದಿರಲೆಂದು ಹನಿಸಕಲ್ ಪೊದೆಗಳ ಬೇಲಿ ನೆಟ್ಟರು. ಮುಂದೆ ಸೈನ್ಯ ಹೊರಟುಹೋಯಿತು, ಕಟ್ಟಡಗಳು ಉರುಳಿದವು. ಬೇಲಿ ಮಾತ್ರ ಉಳಿಯಿತು. ಆಕಾಶದಿಂದ ಬರಬಹುದಾದ ಶತ್ರುವಿಗಾಗಿ ಕಾದ ಜಾಗಕ್ಕೆ ಆಕಾಶದಿಂದಲೇ ಹಕ್ಕಿಗಳು ಬಂದಿಳಿದವು. ಎಷ್ಟು ಬಂದವೆಂದರೆ ಜನ ಅದನ್ನು ‘ಮ್ಯಾಜಿಕ್ ಹೆಜ್’, ಮಾಯಾ ಬೇಲಿ, ಎಂದೇ ಕರೆದರು. ಈವರೆಗೆ ಈ ಚಿಕ್ಕ ತಾಣದಲ್ಲಿ ಕಂಡ ಹಕ್ಕಿಯ ಬಗೆಗಳು ಮುನ್ನೂರಕ್ಕೂ ಹೆಚ್ಚು.

ಇಲ್ಲಿಯ ವಸಂತಕ್ಕೆ ತನ್ನದೇ ಸರದಿಯಿದೆ. ಮಾರ್ಚ್‌ನಲ್ಲಿ ಬಾತುಗಳು. ಏಪ್ರಿಲ್ ನಡುವಿಗೆ ಸೊಂಟದಲ್ಲಿ ಹಳದಿ ಮಚ್ಚೆಯಿರುವ ವಾರ್ಬ್ಲರ್‌ಗಳು, ಬಾಲ ಕುಣಿಸುವ ಪಾಮ್ ವಾರ್ಬ್ಲರ್, ಮರಕ್ಕೆ ಸಾಲು ತೂತು ಕೊರೆದು ರಸ ಕುಡಿಯುವ ಮರಕುಟಿಗ. ಮೇ ಮೊದಲೆರಡು ವಾರ ಜಾತ್ರೆ. ಕಡುಗೆಂಪು ಟ್ಯಾನೇಜರ್, ಕಿತ್ತಳೆ ಕಪ್ಪಿನ ಓರಿಯೋಲ್, ಮೂರು ಗ್ರಾಂ ತೂಗುವ ಹಮ್ಮಿಂಗ್ ಬರ್ಡ್, ಮರದ ಕಾಂಡದ ಮೇಲೆ ಹಲ್ಲಿಯಂತೆ ಹರಿದಾಡುವ ಕಪ್ಪು ಬಿಳುಪಿನ ವಾರ್ಬ್ಲರ್. ಅದೃಷ್ಟವಿದ್ದ ದಿನ ವಾರ್ಬ್ಲರ್‌ಗಳಲ್ಲೇ ಇಪ್ಪತ್ತು ಬಗೆ ಎಣಿಸಿ ಮನೆಗೆ ಹೋಗಬಹುದು. ತಿಂಗಳ ಕೊನೆಗೆ ತಡವಾಗಿ ಹೊರಟವರು: ನೊಣಹಿಡುಕಗಳು, ಬ್ಲ್ಯಾಕ್‌ಪೋಲ್ ವಾರ್ಬ್ಲರ್. ಆ ಹೊತ್ತಿಗೆ ಗೂಡು ಕಟ್ಟಿದ ಕೆಂಪು ರೆಕ್ಕೆಯ ಕರಿಹಕ್ಕಿಗಳು ದಾರಿಹೋಕರ ತಲೆಗೆ ಎರಗಿ ಕುಕ್ಕಲು ಶುರು ಮಾಡುತ್ತವೆ. ಸೈಕಲ್ ಸವಾರರು ತಲೆ ತಗ್ಗಿಸಿ ಓಡುವುದನ್ನು ನೋಡುವುದೂ ಒಂದು ಮೋಜು.

ಹಳಬರು ಹಿಂದಿನ ರಾತ್ರಿ ಗಾಳಿಯ ದಿಕ್ಕು ನೋಡಿಯೇ ಗಡಿಯಾರಕ್ಕೆ ಅಲಾರಾಂ ಇಡುತ್ತಾರೆ. ದಕ್ಷಿಣದ ಬೆಚ್ಚನೆಯ ಗಾಳಿ ಹಕ್ಕಿಗಳನ್ನು ಹೊತ್ತು ತರುತ್ತದೆ. ಬೆಳಗಿನ ಜಾವ ಮಳೆಯೋ ಉತ್ತರದ ಎದುರುಗಾಳಿಯೋ ಅಡ್ಡ ಬಂದರೆ ಹಾರುತ್ತಿದ್ದವೆಲ್ಲ ಇದ್ದಲ್ಲೇ ಇಳಿಯುತ್ತವೆ. ಅಂಥ ದಿನ ಮರದ ತುದಿಯಲ್ಲಿ ಕಾಣಬೇಕಾದ ಹಕ್ಕಿಗಳು ಹುಳ ಹುಡುಕುತ್ತ ಹುಲ್ಲಿನ ಮೇಲೆ, ನೋಡುವವರ ಪಾದದ ಬಳಿಯೇ ಕುಪ್ಪಳಿಸುತ್ತವೆ. ನೋಡುವವರಿಗೆ ಹಬ್ಬ, ಹಕ್ಕಿಗೆ ಮಾತ್ರ ಅದು ಹಸಿವಿನ, ಬಳಲಿಕೆಯ ಘಳಿಗೆ. ಇದನ್ನರಿತವರು ಹತ್ತಿರ ನುಗ್ಗುವುದಿಲ್ಲ.

ದಕ್ಷಿಣದ ಜಾಕ್ಸನ್ ಪಾರ್ಕಿನ ಕತೆಯೂ ಇಂಥದ್ದೇ. ವಿವೇಕಾನಂದರು ಬಂದ ವರ್ಷದ ವಿಶ್ವ ಮೇಳ ನಡೆದದ್ದು ಅಲ್ಲಿ. ಅದರ ವಿನ್ಯಾಸಕಾರ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮೇಳದ ಗದ್ದಲದ ನಡುವೆ ಮರಗಳ ದ್ವೀಪವೊಂದನ್ನು ಶಾಂತವಾಗಿ ಉಳಿಸಬೇಕೆಂದು ಪಟ್ಟು ಹಿಡಿದಿದ್ದರು. ಮೇಳದ ಬಿಳಿಯ ಅರಮನೆಗಳು ಬಹುಪಾಲು ಮಾಯವಾದವು. ‘ವುಡೆಡ್ ಐಲೆಂಡ್’ ಉಳಿದಿದೆ, ವಸಂತದ ಹಕ್ಕಿಗಳೂ ಬರುತ್ತಿವೆ.

ಗಾಜಿನ ಗೋಡೆ

ಅತಿಥಿಗಳನ್ನು ಕರೆದು ಕೂರಿಸುವ ಈ ದಡವೇ ಅವುಗಳ ಪಾಲಿಗೆ ದೊಡ್ಡ ಗಂಡಾಂತರವೂ ಹೌದು. ರಾತ್ರಿ ಹಾರುವ ಹಕ್ಕಿಗಳನ್ನು ನಗರದ ದೀಪಗಳು ದಾರಿ ತಪ್ಪಿಸುತ್ತವೆ. ಬೆಳಕಿನತ್ತ ಸೆಳೆದುಬಂದವು ಕಿಟಕಿಗೆ ಬಡಿಯುತ್ತವೆ. ಹಗಲಿನಲ್ಲಿ ಗಾಜಿನೊಳಗೆ ಕಾಣುವ ಮರದ ಪ್ರತಿಬಿಂಬವನ್ನು ಮರವೆಂದೇ ನಂಬಿ ಹಾರುತ್ತವೆ. ಅಮೆರಿಕದ ನಗರಗಳ ಬೆಳಕಿನ ಅಪಾಯವನ್ನು ಅಳೆದ ವಿಜ್ಞಾನಿಗಳು 2019ರಲ್ಲಿ, ವಸಂತದಲ್ಲೂ ಶರತ್ಕಾಲದಲ್ಲೂ ಷಿಕಾಗೋಗೇ ಮೊದಲ ಸ್ಥಾನ ಕೊಟ್ಟರು. ಯಾರೂ ಬಯಸದ ಮೊದಲ ಸ್ಥಾನ.

ನಗರದ ಫೀಲ್ಡ್ ಮ್ಯೂಸಿಯಂನ ಪಕ್ಷಿತಜ್ಞ ಡೇವಿಡ್ ವಿಲ್ಲರ್ಡ್ 1978ರಲ್ಲಿ ಒಂದು ಬೆಳಿಗ್ಗೆ ಸಮೀಪದ ಮೆಕಾರ್ಮಿಕ್ ಪ್ಲೇಸ್ ಎಂಬ ಸಮ್ಮೇಳನ ಭವನದ ಸುತ್ತ ನಡೆದು ನೋಡಿದರು. ನೀರಿನ ಅಂಚಿಗೇ ನಿಂತ ಗಾಜಿನ ಕಟ್ಟಡ ಅದು. ಬುಡದಲ್ಲಿ ಸತ್ತ ಹಕ್ಕಿಗಳು ಬಿದ್ದಿದ್ದವು. ಅಂದಿನಿಂದ ವಲಸೆಯ ಕಾಲದಲ್ಲಿ ಅವರೂ ಸಹೋದ್ಯೋಗಿಗಳೂ ಬೆಳಗಾಗುವ ಮುನ್ನ ಹೋಗಿ ಆಯ್ದು, ಅಳೆದು, ಬರೆದಿಟ್ಟರು. ನಾಲ್ಕು ದಶಕಗಳಲ್ಲಿ ಆ ಒಂದೇ ಕಟ್ಟಡದ ಬುಡದಲ್ಲಿ ಸಿಕ್ಕವು 40,000. ಸಾವಿನ ಈ ಲೆಕ್ಕವೇ ವಿಜ್ಞಾನವೂ ಆಯಿತು. ನಗರದಲ್ಲಿ ಹೀಗೆ ಆಯ್ದ 52 ಬಗೆಯ 70,000ಕ್ಕೂ ಹೆಚ್ಚು ಹಕ್ಕಿಗಳ ಅಳತೆಯಿಂದ, 1978ರಿಂದ 2016ರ ನಡುವೆ ಅವುಗಳ ಮೈ ಸಣ್ಣದಾಗುತ್ತ, ರೆಕ್ಕೆ ಉದ್ದವಾಗುತ್ತ ಬಂದಿದೆ ಎಂದು ತಿಳಿಯಿತು. ಭೂಮಿ ಬಿಸಿಯಾಗುತ್ತಿರುವುದೇ ಕಾರಣವೆಂದು ಸಂಶೋಧಕರು ಊಹಿಸಿದ್ದಾರೆ. ಆರಿಸಿದ ಕಿಟಕಿಯ ಕೆಳಗೆ ಸಾವು ಕಡಿಮೆ ಎಂಬುದನ್ನೂ ಅದೇ ಲೆಕ್ಕ ತೋರಿಸಿತು.

ತೋರಿಸಿದರೂ ಎಲ್ಲ ದೀಪಗಳು ಆರಲಿಲ್ಲ. 2023ರ ಅಕ್ಟೋಬರ್ 5ರ ಬೆಳಿಗ್ಗೆ, ಹಕ್ಕಿಗಳು ದಕ್ಷಿಣಕ್ಕೆ ಮರಳುವ ಕಾಲದಲ್ಲಿ, ಆ ಭವನದ ಸುತ್ತ ಸಾವಿರದ ಹತ್ತಿರ ಹಕ್ಕಿಗಳು ಸತ್ತು ಬಿದ್ದಿದ್ದವು. ಆ ಚಿತ್ರಗಳು ಜಗತ್ತನ್ನೇ ಸುತ್ತಿದವು. 2024ರ ಬೇಸಿಗೆಯಲ್ಲಿ ಭವನದ ಗಾಜಿಗೆಲ್ಲ ಸಣ್ಣ ಸಣ್ಣ ಚುಕ್ಕೆಗಳಿರುವ ಹಾಳೆ ಅಂಟಿಸಲಾಯಿತು. ಚುಕ್ಕೆ ಕಂಡ ಹಕ್ಕಿ, ಎದುರಿಗಿರುವುದು ಆಕಾಶವಲ್ಲ, ಗೋಡೆ ಎಂದು ಅರಿತು ತಿರುಗುತ್ತದೆ. ಆ ಶರತ್ಕಾಲದಲ್ಲಿ ಸಾವು ಶೇಕಡಾ 95ರಷ್ಟು ಇಳಿಯಿತು. ನಲವತ್ತಾರು ವರ್ಷ ಹಕ್ಕಿ ಆಯ್ದದ್ದಕ್ಕೆ ಸಿಕ್ಕ ಉತ್ತರ ರಂಗೋಲಿಯ ಚುಕ್ಕಿಗಳಷ್ಟು ಸರಳ. ಆದರೆ ನಗರದಲ್ಲಿ ಗಾಜಿನ ಕಟ್ಟಡ ಇದೊಂದೇ ಅಲ್ಲ. 2003ರಿಂದ ಸ್ವಯಂಸೇವಕರ ತಂಡವೊಂದು ವಸಂತ, ಶರತ್ಕಾಲಗಳ ಮುಂಜಾವಿನಲ್ಲಿ ಬೀದಿ ಸುತ್ತಿ, ಗಾಜಿಗೆ ಬಡಿದು ಬಿದ್ದ ಹಕ್ಕಿಗಳನ್ನು ಕಾಗದದ ಚೀಲದಲ್ಲಿಟ್ಟು ಆರೈಕೆಗೆ ಒಯ್ಯುತ್ತದೆ. ಆ ಕೆಲಸ ನಿಂತಿಲ್ಲ.

ಮಾಂಟಿ ಮತ್ತು ರೋಸ್

ನಗರ ಹಕ್ಕಿಗೆ ಜಾಗ ಬಿಟ್ಟುಕೊಟ್ಟ ಇನ್ನೊಂದು ಕತೆ ಮಾಯಾ ಬೇಲಿಯ ಪಕ್ಕದ ಮರಳಿನಲ್ಲೇ ಇದೆ. ಪೈಪಿಂಗ್ ಪ್ಲವರ್ ಮರಳಿನದೇ ಬಣ್ಣದ, ಐವತ್ತು ಗ್ರಾಂ ಆಸುಪಾಸಿನ ದಡದ ಹಕ್ಕಿ. ಮಹಾ ಸರೋವರಗಳ ಸುತ್ತ ಅದರ ಸಂತತಿ 1980ರ ದಶಕದಲ್ಲಿ ಇಪ್ಪತ್ತು ಜೋಡಿಗಿಂತ ಕಡಿಮೆಗೆ ಕುಸಿದಿತ್ತು. 2019ರಲ್ಲಿ ಒಂದು ಜೋಡಿ ಮಾಂಟ್ರೋಸ್ ಕಡಲತೀರದಂಥ ಆ ದಡದಲ್ಲಿ, ವಾಲಿಬಾಲ್ ಆಡುವವರ ನಡುವೆ, ಮೊಟ್ಟೆಯಿಟ್ಟಿತು. ಷಿಕಾಗೋದಲ್ಲಿ ಈ ಹಕ್ಕಿ ಗೂಡು ಮಾಡಿ ಅರವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಜನ ಅವಕ್ಕೆ ಜಾಗದ ಹೆಸರನ್ನೇ ಮುರಿದು ಮಾಂಟಿ, ರೋಸ್ ಎಂದು ಹೆಸರಿಟ್ಟರು. ಸರದಿಯ ಮೇಲೆ ಕಾವಲು ನಿಂತರು. ಅದೇ ದಡದಲ್ಲಿ ನಡೆಯಬೇಕಿದ್ದ ದೊಡ್ಡ ಸಂಗೀತ ಉತ್ಸವವೊಂದು ರದ್ದಾಯಿತು.

ಮೂರು ಬೇಸಿಗೆ ಈ ಜೋಡಿ ಮರಿ ಬೆಳೆಸಿತು. 2022ರ ವಸಂತದಲ್ಲಿ ಮಾಂಟಿ ಮರಳಿ ಬಂತು, ರೋಸ್ ಬರಲಿಲ್ಲ. ಆ ಮೇ ತಿಂಗಳ 13ರಂದು, ಉಸಿರಾಟದ ಸೋಂಕಿನಿಂದ, ಮಾಂಟಿ ಅದೇ ದಡದಲ್ಲಿ ಸತ್ತಿತು. ಹಕ್ಕಿಯೊಂದಕ್ಕಾಗಿ ಊರು ಕಣ್ಣೀರಿಟ್ಟಿತು. ಅಲ್ಲಿಗೇ ಕತೆ ಮುಗಿಯಲಿಲ್ಲ. ಅವುಗಳ ಮಗ ಇಮಾನಿ ಹುಟ್ಟಿದ ಮರಳಿಗೆ ಮರಳಿತು. 2024ರಲ್ಲಿ ಸೀ ರಾಕೆಟ್ ಎಂಬ ಹೆಣ್ಣು ಹಕ್ಕಿಯೊಡನೆ ಅಲ್ಲೇ ಸಂಸಾರ ಹೂಡಿತು.

ಉತ್ತರ ಅಮೆರಿಕದಲ್ಲಿ 1970ರಿಂದೀಚೆಗೆ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರ ಅಧ್ಯಯನವೊಂದು ಹೇಳಿತು. ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ಇಳಿಯುವುದಿಲ್ಲ. ರೆಂಬೆಯ ಮೇಲಿನ ಒಂದು ಕಿತ್ತಳೆ ಗಂಟಲು ಇಳಿಯುತ್ತದೆ.

ಸಂಜೆಯಾಗುತ್ತಿದ್ದಂತೆ ಮಾಯಾ ಬೇಲಿಯಲ್ಲಿ ಸದ್ದಡಗುತ್ತದೆ. ದುರ್ಬೀನಿನ ಜನ ಮನೆ ಸೇರಿದ್ದಾರೆ. ದಕ್ಷಿಣದ ಗಾಳಿ ಎದ್ದರೆ, ಕತ್ತಲಾದ ಸ್ವಲ್ಪ ಹೊತ್ತಿಗೆ ಆ ಹತ್ತು ಗ್ರಾಂ ಜೀವ ಪೊದೆ ಬಿಟ್ಟು ಮೇಲೇಳುತ್ತದೆ. ಕೆಳಗೆ ನಗರದ ಕೋಟಿ ದೀಪಗಳು. ಮುಂದೆ ಕತ್ತಲು, ಅದರಾಚೆ ಕಾಡು. ಅಷ್ಟು ಹೊತ್ತಿಗೆ ಯಾವುದೋ ಮಹಡಿಯಲ್ಲಿ ಯಾರೋ ಒಬ್ಬರು ಕೆಲಸ ಮುಗಿಸಿ, ಎದ್ದು, ದೀಪ ಆರಿಸಿ ಹೊರಟರೆ ಅದರ ದಾರಿ ಅಷ್ಟರಮಟ್ಟಿಗೆ ಸುಗಮ.