ಗುಂಡಿ ಒತ್ತಿದರೆ ಸಂಗೀತವಾಗುತ್ತದೆಯೇ?

ಭಾನುವಾರ ಸಂಜೆ ಕಾಫಿಯಾದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಒಬ್ಬೊಬ್ಬರೂ ತಮಗಿಷ್ಟವಾದ ಒಂದು ಹಾಡನ್ನೋ ವಾದನವನ್ನೋ ಹಾಕಬೇಕು. ಅದು ಮುಗಿಯುವ ತನಕ ಉಳಿದವರು ಮೊಬೈಲ್ ಮುಟ್ಟದೆ, ನಡುವೆ ಬಾಯಿ ಹಾಕದೆ ಕೇಳಬೇಕು. ಆಮೇಲೆ ಏನು ಬೇಕಾದರೂ ಹೇಳಬಹುದು. ‘ಚೆನ್ನಾಗಿಲ್ಲ’ ಎಂದರೆ ಮಾತ್ರ ಕಾರಣ ಕೊಡಬೇಕು. ನನ್ನ ಸರದಿಯಲ್ಲಿ ಬಹುಮಟ್ಟಿಗೆ ವೀಣೆ. ಕಾಲೇಜಿನ ದಿನಗಳಿಂದ ಗಿಟಾರ್ ಹಿಡಿದ ನನ್ನ ಕಿರಿಯ ಮಗನದು ರಾಕ್. ಎಂಟನೇ ತರಗತಿಯ ಮೊಮ್ಮಗನದು ಎಲೆಕ್ಟ್ರಾನಿಕ್ ಸಂಗೀತ.

ಕೆಲವು ತಿಂಗಳ ಹಿಂದೆ ಮೊಮ್ಮಗ, ಯಾರದೆಂದು ಹೇಳದೆ, ಎರಡು ನಿಮಿಷದ ಒಂದು ತುಣುಕು ಹಾಕಿದ. ದಪ್ಪನೆಯ ಬಡಿತ, ಅದರ ಮೇಲೆ ಗಂಟೆಯಂಥ ಒಂದು ನಾದ. ಮುಗಿದ ಕೂಡಲೇ ಅವನ ಚಿಕ್ಕಪ್ಪ, “ಇದರಲ್ಲಿ ನುಡಿಸಿದವರು ಯಾರೋ? ಗುಂಡಿ ಒತ್ತಿದರೆ ಕಂಪ್ಯೂಟರೇ ಮಾಡಿಕೊಡುತ್ತೆ. ಗಿಟಾರಾದ್ರೆ ಬೆರಳಿಗೆ ಬೊಬ್ಬೆ ಬರೋ ತನಕ ಕಷ್ಟಪಡಬೇಕು. ಇದರಲ್ಲಿ ಸೃಜನಶೀಲತೆ ಎಲ್ಲಿದೆ?” ಎಂದ. ಹುಡುಗ ಸುಮ್ಮನಿದ್ದ. ರಾತ್ರಿ ನಾನು ಹಾಸಿಗೆ ಹಾಸುವಾಗ ಬಂದು, “ಅಜ್ಜಿ, ಅದು ನಾನೇ ಮಾಡಿದ್ದು. ಇನ್ಮೇಲೆ ಮಾಡಲ್ಲ ಬಿಡು” ಎಂದ.

ಹದಿಮೂರು ವರ್ಷದ ಮಗು ‘ಇನ್ನು ಮಾಡಲ್ಲ’ ಎನ್ನುವುದು ಸಣ್ಣ ಮಾತಲ್ಲ. ವೀಣೆ ಪಾಠ ಹೇಳಿಕೊಡುತ್ತಿದ್ದ ವರ್ಷಗಳಲ್ಲಿ, ಮನೆಯವರ ಒಂದೇ ಮಾತಿಗೆ ನೊಂದು ವಾದ್ಯಕ್ಕೆ ಬಟ್ಟೆ ಹೊದಿಸಿಟ್ಟ ಮಕ್ಕಳನ್ನು ಕಂಡಿದ್ದೇನೆ. ಹಾಗೆಂದು ಚಿಕ್ಕಪ್ಪನ ಪ್ರಶ್ನೆಯೂ ತಳ್ಳಿಹಾಕುವಂಥದ್ದಲ್ಲ. “ಬೇಜಾರು ಆಮೇಲೆ ಮಾಡಿಕೊಳ್ಳುವಿಯಂತೆ. ಮೊದಲು ಅವನ ಪ್ರಶ್ನೆಗೆ ಇಬ್ಬರೂ ಸೇರಿ ಉತ್ತರ ಹುಡುಕೋಣ” ಎಂದೆ.

ಹುಡುಕಾಟ ಶುರುವಾದದ್ದು ಚಿಕ್ಕಪ್ಪನ ಮೆಚ್ಚಿನ ತಂಡವಾದ ಇಂಗ್ಲೆಂಡಿನ ‘ಕ್ವೀನ್’ನಿಂದಲೇ. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಮನೆತನದವನು. ಜಾಂಜಿಬಾರ್‌ನಲ್ಲಿ ಹುಟ್ಟಿ, ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿದವನು. ಗಿಟಾರ್ ವಾದಕ ಬ್ರಯಾನ್ ಮೇ. ಈತನ ಗಿಟಾರಿನ ಕಥೆ ಕೇಳಿ ಮೊಮ್ಮಗನ ಕಣ್ಣು ಅರಳಿತು. 1963ರಲ್ಲಿ, ಇನ್ನೂ ಹದಿಹರೆಯದ ಬ್ರಯಾನ್ ತನ್ನ ತಂದೆಯೊಡನೆ ಕೂತು ಎಲೆಕ್ಟ್ರಿಕ್ ಗಿಟಾರೊಂದನ್ನು ಕೈಯಾರೆ ಕಟ್ಟಲು ಶುರುಮಾಡಿದ. ಹಳೆಯ ಬೆಂಕಿಗೂಡಿನ ಮೇಲಿದ್ದ ಮರದ ಹಲಗೆ ಅದರ ಕತ್ತಾಯಿತು. ಮರದಲ್ಲಿ ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಮೋಟಾರ್ ಸೈಕಲ್ಲಿನ ಸ್ಪ್ರಿಂಗ್, ಅಮ್ಮನ ಹೆಣಿಗೆಯ ಕಡ್ಡಿಯ ತುದಿ, ಹೊಲಿಗೆಪೆಟ್ಟಿಗೆಯ ಮುತ್ತಿನಚಿಪ್ಪಿನ ಗುಂಡಿಗಳು, ಎಲ್ಲವೂ ಅದರಲ್ಲಿ ಸೇರಿದವು. ಆ ಗಿಟಾರನ್ನೇ ಅವನು ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನುಡಿಸಿದ.

“ನೋಡಿದ್ಯಾ, ಇದು ಕೈಕೆಲಸ!” ಎಂದು ಮಗ ಬೀಗಿದ. ಅವನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಕ್ವೀನ್ ತಂಡದವರು 1970ರ ದಶಕದ ತಮ್ಮ ಆಲ್ಬಮ್‌ಗಳ ಮೇಲೆ, ಇದರಲ್ಲಿ ಸಿಂಥಸೈಜರ್ ಬಳಸಿಲ್ಲ ಎಂದು ಹೆಮ್ಮೆಯಿಂದ ಅಚ್ಚು ಹಾಕಿಸುತ್ತಿದ್ದರು. ಸಿಂಥಸೈಜರ್ ಎಂದರೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ವಾದ್ಯ.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ತಂಡದ 1975ರ ‘ಬೊಹೀಮಿಯನ್ ರಾಪ್ಸೊಡಿ’ ಹಾಡಿನ ನಡುಭಾಗದಲ್ಲಿ ಒಂದು ದೊಡ್ಡ ಗಾಯಕವೃಂದವೇ ಹಾಡಿದಂತೆ ಕೇಳುತ್ತದೆ. ಹಾಡಿದವರು ಮೂರೇ ಜನ. ತಮ್ಮ ದನಿಯ ಮೇಲೆ ತಮ್ಮದೇ ದನಿಯನ್ನು ಮತ್ತೆ ಮತ್ತೆ ಮುದ್ರಿಸಿ, ದೋಸೆಯ ಮೇಲೆ ದೋಸೆ ಪೇರಿಸಿದಂತೆ ಪೇರಿಸಿದರು. ಟೇಪು ಸವೆದು, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಂತಾಗಿತ್ತು ಎಂದು ಬ್ರಯಾನ್ ಹೇಳಿಕೊಂಡಿದ್ದಾನೆ. ಯಂತ್ರವಿಲ್ಲದೆ ಆ ಹಾಡೇ ಇರುತ್ತಿರಲಿಲ್ಲ. ಕೊನೆಗೆ 1980ರ ಆಲ್ಬಮ್‌ನಲ್ಲಿ ಕ್ವೀನ್ ಕೂಡ ಸಿಂಥಸೈಜರನ್ನು ಮನೆಯೊಳಗೆ ಕರೆದುಕೊಂಡಿತು.

ಮುಂದಿನ ವಾರ ಮೊಮ್ಮಗನ ಸರದಿ. ನಾವಿಬ್ಬರೂ ಆರಿಸಿದ್ದು ಡೆಲಿಯಾ ಡರ್ಬಿಶೈರ್ ಎಂಬ ಇಂಗ್ಲಿಷ್ ಹೆಣ್ಣುಮಗಳ ಕೆಲಸ. 1937ರಲ್ಲಿ ಹುಟ್ಟಿದ ಈಕೆ ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಎರಡನ್ನೂ ಓದಿ, ಬಿಬಿಸಿಯ ಧ್ವನಿ ಪ್ರಯೋಗಶಾಲೆ ಸೇರಿದಳು. 1963ರಲ್ಲಿ ‘ಡಾಕ್ಟರ್ ಹೂ’ ಎಂಬ ಟಿ.ವಿ. ಧಾರಾವಾಹಿಗೆ ರಾನ್ ಗ್ರೇನರ್ ಎಂಬವರು ಶೀರ್ಷಿಕೆ ಸಂಗೀತದ ಸ್ವರಗಳನ್ನು ಬರೆದುಕೊಟ್ಟರು. ಅದನ್ನು ನಾದವಾಗಿಸುವ ಕೆಲಸ ಡೆಲಿಯಾಳದು. ಆಗ ಅವಳ ಬಳಿ ಕಂಪ್ಯೂಟರ್ ಇಲ್ಲ, ಸಿಂಥಸೈಜರ್ ಇಲ್ಲ. ಮೀಟಿದ ಒಂದೇ ತಂತಿಯ ನಾದವನ್ನು, ಪ್ರಯೋಗಾಲಯದ ಉಪಕರಣದ ಒಂದು ಸಿಳ್ಳೆಯಂಥ ದನಿಯನ್ನು ಟೇಪಿನಲ್ಲಿ ಹಿಡಿದಳು. ಟೇಪನ್ನು ವೇಗವಾಗಿ ಓಡಿಸಿದರೆ ಸ್ವರ ಮೇಲೇರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಹೀಗೆ ಒಂದೊಂದು ಸ್ವರವನ್ನೂ ಬೇರೆ ಬೇರೆ ತಯಾರಿಸಿ, ಬೇಕಾದ ಉದ್ದಕ್ಕೆ ಟೇಪನ್ನು ಕತ್ತರಿಸಿ, ತುಂಡಿಗೆ ತುಂಡು ಅಂಟಿಸಿದಳು. ಹೂ ಕಟ್ಟುವವರು ಒಂದೊಂದೇ ಮೊಗ್ಗು ಪೋಣಿಸುವ ಹಾಗೆ.

ಫಲಿತಾಂಶ ಕೇಳಿದ ಗ್ರೇನರ್ ತಾನು ಬರೆದದ್ದು ಇದೇನಾ ಎಂದು ಬೆರಗಾದರಂತೆ. ಸಂಗೀತ ಕೂಡಿಸಿದವರ ಜಾಗದಲ್ಲಿ ಅವಳ ಹೆಸರೂ ಇರಲಿ ಎಂದು ಅವರೇ ಬಯಸಿದರು. ಆದರೆ ಸಂಸ್ಥೆಯ ನಿಯಮ ಒಪ್ಪಲಿಲ್ಲ. ಆ ಧಾರಾವಾಹಿಯ ಪರದೆಯ ಮೇಲೆ ಅವಳ ಹೆಸರು ಮೂಡಿದ್ದು 2013ರಲ್ಲಿ, ಐವತ್ತು ವರ್ಷಗಳ ನಂತರ. ಡೆಲಿಯಾ 2001ರಲ್ಲೇ ತೀರಿಕೊಂಡಿದ್ದಳು.

ಮಗ ಈ ಬಾರಿ ಕೂಡಲೇ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಅವಳು ಬೆರಳಿನಿಂದ ಕತ್ತರಿಸಿ ಅಂಟಿಸಿದಳು. ಇವನ ಫೋನಿನಲ್ಲಿ ಸಿದ್ಧವಾದ ತುಣುಕುಗಳೇ ಇರುತ್ತವಲ್ಲ?” ಎಂದ. ನಿಜವಾದ ಮಾತೇ. ಅಂಗಡಿಯ ಸಾರಿನಪುಡಿಯನ್ನು ಬಿಸಿನೀರಿಗೆ ಹಾಕಿ ನಾನೇ ಸಾರು ಮಾಡಿದೆ ಎನ್ನಲಾಗದು. ಹಾಗೆಯೇ, ಇಪ್ಪತ್ತು ವರ್ಷ ಬೇರೆಯವರ ಹಾಡನ್ನೇ ಇದ್ದ ಹಾಗೆ ಗಿಟಾರಿನಲ್ಲಿ ನುಡಿಸಿ ಅದನ್ನು ಸೃಷ್ಟಿ ಎನ್ನಲೂ ಆಗದು. ಇದನ್ನು ನಾನು ಹೇಳಿದಾಗ ಮಗ ನಕ್ಕು, ಕಾಫಿಲೋಟ ಎತ್ತಿಕೊಂಡು ಒಳಗೆ ಹೋದ.

ನನ್ನ ಸರದಿಯಲ್ಲಿ ನಾನು ವೀಣೆ ಬಿಟ್ಟು, ಚರಣ್‌ಜಿತ್ ಸಿಂಗ್ ಅವರ 1982ರ ಒಂದು ಆಲ್ಬಮ್ ಹಾಕಿದೆ. ಮುಂಬಯಿಯ ಹಿಂದಿ ಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದ ಅವರು, ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬಡಿತಕ್ಕೆ ನುಡಿಸಿದರು. ಆಗ ಅದನ್ನು ಕೇಳಿದವರು ಕಡಿಮೆ. ಅಮೆರಿಕದ ಶಿಕಾಗೋದಲ್ಲಿ ಇಂಥದೇ ಧ್ವನಿಯ ‘ಆಸಿಡ್ ಹೌಸ್’ ಸಂಗೀತ ಹುಟ್ಟಿದ್ದು ಅದಾದ ಕೆಲವು ವರ್ಷಗಳಿಗೆ. 2010ರಲ್ಲಿ ಆಲ್ಬಮ್ ಮರುಮುದ್ರಣವಾದಾಗ ಜಗತ್ತು ಬೆರಗುಗೊಂಡಿತು. ನನಗೆ ಮಾತ್ರ ಅದರಲ್ಲಿ ಕೇಳಿಸಿದ್ದು ಪರಿಚಯದ ಮುಖಗಳು. ಅವರ ಮಾಲ್‌ಕೌಂಸ್ ನಮ್ಮ ಹಿಂದೋಳ, ಭೂಪಾಲಿ ನಮ್ಮ ಮೋಹನ. ಬಡಿತ ಯಂತ್ರದ್ದು, ಆದರೆ ಯಾವ ಸ್ವರದ ಮೇಲೆ ನಿಲ್ಲಬೇಕೆಂದು ತೀರ್ಮಾನಿಸಿದ್ದು ಮನುಷ್ಯ.

ನಮ್ಮ ಮೈಸೂರಿನಲ್ಲೇ ಇದಕ್ಕೊಂದು ಹಿರಿಯ ಉದಾಹರಣೆ ಇದೆ. ಪಿಟೀಲು ಪಶ್ಚಿಮದಿಂದ ಬಂದ ವಾದ್ಯ. ಟಿ. ಚೌಡಯ್ಯನವರು ಅದರ ನಾಲ್ಕು ತಂತಿ ಸಾಲದೆಂದು, ನಾದ ತುಂಬಿ ಬರಲಿ ಎಂದು ಏಳು ತಂತಿ ಹಾಕಿಸಿ ನುಡಿಸಿದರು. ಇಂದು ಬೆಂಗಳೂರಿನಲ್ಲಿ ಅವರ ನೆನಪಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ. ಇನ್ನು ಹಾರ್ಮೋನಿಯಂ. ನಮ್ಮ ಸಂಗೀತಕ್ಕೆ ಒಗ್ಗದ ವಾದ್ಯವೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಊರೂರಿನ ಭಜನೆ, ನಾಟಕಗಳು ಬಿಡಲಿಲ್ಲ. ಹೊಸ ವಾದ್ಯ ಬಂದಾಗಲೆಲ್ಲ ‘ಇದು ಸಂಗೀತವೇ?’ ಎಂಬ ಪ್ರಶ್ನೆಯೂ ಜೊತೆಗೇ ಬಂದಿದೆ.

ಇಷ್ಟೆಲ್ಲ ಕೇಳಿ ಕೂತು, ಹರಟೆ ಹೊಡೆದು, ನನಗೆ ತೋಚಿದ್ದು ಇಷ್ಟು. ಸೃಜನಶೀಲತೆ ವಾದ್ಯದಲ್ಲಿ ಇರುವುದಿಲ್ಲ, ಬೆರಳಿನ ಬೊಬ್ಬೆಯಲ್ಲೂ ಇರುವುದಿಲ್ಲ. ಅದು ಕಿವಿಯಲ್ಲಿರುತ್ತದೆ. ಮಾಡಿದ್ದನ್ನು ತಾನೇ ಕೇಳಿ, ‘ಇದಲ್ಲ’ ಎಂದು ಬಿಸಾಡಿ, ಮತ್ತೆ ಮಾಡಿ, ‘ಹಾಂ, ಇದು’ ಎಂದು ನಿಲ್ಲಿಸುವ ಕಿವಿ. ಡೆಲಿಯಾಗೂ ಬ್ರಯಾನ್‌ಗೂ ಚೌಡಯ್ಯನವರಿಗೂ ಇದ್ದದ್ದು ಅಂಥ ಕಿವಿ. ಗುಂಡಿ ಒತ್ತುವುದು ಯಾರಿಗಾದರೂ ಬರುತ್ತದೆ. ಯಾವಾಗ ಒತ್ತಬಾರದು ಎಂಬುದನ್ನು ಕಲಿಯಬೇಕು.

ಮೊಮ್ಮಗ ಸಿದ್ಧ ತುಣುಕುಗಳನ್ನು ಬದಿಗಿಟ್ಟ. ಫೋನು ಹಿಡಿದು ಮನೆಯೆಲ್ಲ ಸುತ್ತಿದ. ತುರಿಮಣೆಯ ಮೇಲೆ ಕಾಯಿ ತುರಿಯುವ ಸದ್ದು, ಹಿತ್ತಲ ಕೊಡದೊಳಗೆ ಹನಿ ಬೀಳುವ ಸದ್ದು, ನನ್ನ ವೀಣೆಯ ಮಂದ್ರದ ತಂತಿಯ ಒಂದೇ ಒಂದು ಮೀಟು. ಮೂರು ವಾರ ಕೂತು ಮಾಡಿದ. ಹನ್ನೊಂದು ಸಲ ಅಳಿಸಿದ ಎಂದು ಅವನ ನೋಟುಪುಸ್ತಕದಲ್ಲಿ ಗೀಟು ಹಾಕಿ ಲೆಕ್ಕ ಇಟ್ಟಿದ್ದಾನೆ. ಕೇಳಿದ ಚಿಕ್ಕಪ್ಪ ಹೊಗಳಲಿಲ್ಲ. “ನಡುವೆ ಆ ಹನಿ ಸದ್ದು ಜಾಸ್ತಿಯಾಯ್ತು ಕಣೋ, ಸ್ವಲ್ಪ ತೆಗಿ” ಎಂದ. ಹುಡುಗನ ಮುಖ ಅರಳಿತು. ತಿದ್ದುವುದಕ್ಕೆ ಯೋಗ್ಯ ಎಂದರೆ ಸಂಗೀತ ಎಂದು ಒಪ್ಪಿದಂತೆ ತಾನೇ?

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡಿರುವುದರಲ್ಲಿ ಒಂದು ಕೊಳವೆಯನ್ನು ನಿಮ್ಮ ಕಿವಿಗೂ ಕೊಡಲು ಹೇಳಿ. ಪೂರ್ತಿ ಕೇಳಿ, ಆಮೇಲೆ ಜಗಳವಾಡಿ. ಮಕ್ಕಳೇ, ನಿಮ್ಮ ಹಿರಿಯರ ಮೆಚ್ಚಿನ ಹಾಡನ್ನೂ ಹಾಗೆಯೇ ಕೇಳಿ. ನಿಮ್ಮ ಮುಂದಿನ ಹಾಡಿಗೆ ಬೇಕಾದ ಒಂದು ತಂತಿ ಅಲ್ಲೇ ಸಿಕ್ಕರೂ ಸಿಗಬಹುದು.