ಕಾಕಾನ ಮೋಟರು

ಬಿಜಾಪುರ ಸೀಮೆಯಲ್ಲಿ ಮನೆ ಕಟ್ಟುವವನನ್ನು ಬೀಗರು ಮೊದಲು ಕೇಳುವುದು, "ನೀರಿಂದು ಹ್ಯಾಂಗ ಮಾಡೀಪಾ?" ಎಂದು. ನೀರು ಎಲ್ಲಿಂದ ತರುತ್ತೀ ಎಂಬುದೇ ಅದರ ಅರ್ಥ. ಬಂದ ನೀರನ್ನು ಎಲ್ಲಿಗೆ ಕಳಿಸುತ್ತೀ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆದಿಲಶಾಹಿಗಳು ತೊರವಿಯಿಂದ ನೆಲದೊಳಗೆ ಸುರಂಗ ಕೊರೆಸಿ ನಗರಕ್ಕೆ ನೀರು ತಂದರು, ಅದರ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು, 1620ರಲ್ಲಿ ತಾಜ್ ಬಾವಡಿ ತೋಡಿಸಿದರು. ಅವರ ಬುದ್ಧಿಯೆಲ್ಲ ನೀರನ್ನು ಒಳಗೆ ಕರೆಯುವುದಕ್ಕೇ ಖರ್ಚಾಯಿತು. ಹೊರಗೆ ಹಾಕುವ ವಿದ್ಯೆ ಕಲಿಯುವ ಪ್ರಸಂಗ ನಮ್ಮವರಿಗೆ ಬರಲೇ ಇಲ್ಲ. ಹೀಗಿರುವಾಗ ದೇವರ ಹಿಪ್ಪರಗಿಯ ನಮ್ಮ ಕಾಕಾ ಮನೆಯ ನೆಲದಡಿಯ ನೀರು ಎತ್ತಿ ಹಾಕಲು ಮೋಟರು ಕೂಡಿಸಿದ್ದಾರೆಂಬ ಸುದ್ದಿ ಹಬ್ಬಿದಾಗ ಬಹಳ ಮಂದಿ ನಂಬಲಿಲ್ಲ. ಕೆಲವರಿಗೆ ಹೊಟ್ಟೆಕಿಚ್ಚೂ ಆಯಿತು.

ಆ ಜಾಗದಲ್ಲಿ ಮೊದಲು ಹಗೇವು ಇತ್ತು. ಗಟ್ಟಿ ನೆಲ ನೋಡಿ ಆಳಕ್ಕೆ ತೋಡಿದ, ಬಾಯಿ ಸಣ್ಣ ಹೊಟ್ಟೆ ದೊಡ್ಡ ಇರುವ ಕಣಜ. ಬದಿಗೆ ಹುಲ್ಲು ಹೊಂದಿಸಿ, ಜೋಳ ಸುರಿದು, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಗಾಳಿಯಾಡದ ಆ ಕತ್ತಲಲ್ಲಿ ಹುಳ ಬದುಕದು, ಮನುಷ್ಯನೂ ಬದುಕಲಾರ. ಅದಕ್ಕೇ ಬಾಯಿ ತೆಗೆದ ದಿನ ಯಾರೂ ತಟ್ಟನೆ ಒಳಗಿಳಿಯುತ್ತಿರಲಿಲ್ಲ. ಮುತ್ಯಾ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ, "ಇನ್ನೂ ಸಿಟ್ಟಿನಾಗ ಅದ, ಮುಂಜಾನಿ ನೋಡೂಣು" ಎಂದು ಎದ್ದು ಬರುವರು. ಬದಿಯ ಜೋಳ ಕಪ್ಪಿಟ್ಟಿರುತ್ತಿತ್ತು. ಅದರ ರೊಟ್ಟಿಗೆ ಒಂದು ಬಗೆಯ ಮುಗ್ಗಲು ವಾಸನೆ. ನಾವು ಹುಡುಗರು ಮೂಗು ಮುರಿದರೆ ಆಯಿ 1972ರ ಬರ ನೆನೆಸುತ್ತಿದ್ದಳು. "ಇದ ವಾಸನಿ ಹಿಡದು ಮಂದಿ ನಮ್ಮ ಬಾಗಲಾ ಹುಡಕಿಕೊಂಡು ಬರತಿದ್ರು, ತಿಳೀತಿಲ್ಲೋ?" ಹಗೇವಿಗೆ ಅವಳು ಅಂಜುತ್ತಿದ್ದುದು ನೀರೊಂದಕ್ಕೇ. ಮುಗಿಲು ನೋಡಿ ಮಳೆ ಬರಲೆಂದು ಬೇಡುವಳು, ಅದೇ ಜೋಡಿಸಿದ ಕೈಯಲ್ಲಿ ಹಗೇವಿನೊಳಗೆ ಹನಿ ಇಳಿಯದಿರಲೆಂದೂ ಬೇಡುವಳು. ದೇವರಿಗೆ ಎಷ್ಟು ಗೊಂದಲವಾಗಿರಬೇಕು!

ಕಾಕಾ ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸಿದಾಗ, "ಹಿರೇರು ತೋಡಿದ ತಗ್ಗು ಯಾಕ ಮುಚ್ಚೂದು" ಎಂದು ಅದನ್ನೇ ಅಗಲಿಸಿ ನೆಲಮನೆ ಮಾಡಿದರು. ಊರು ಅದನ್ನು ಅಂಡರ್‌ಗ್ರೌಂಡ್ ಎಂದು ಕರೆಯಿತು. ಕೆಲವು ವರ್ಷ ಜೋಳ, ತೊಗರಿಯ ಚೀಲಗಳು ಅಲ್ಲಿ ಸುಖವಾಗಿದ್ದವು. ಆಮೇಲೆ 2020ರ ಅಕ್ಟೋಬರ್ ಬಂತು. ಅತ್ತ ಭೀಮೆ ಉಕ್ಕಿ ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಗೆ ನುಗ್ಗಿದಾಗ, ಹೊಳೆಯಿಲ್ಲದ ಹಿಪ್ಪರಗಿಯಲ್ಲಿ ಕಾಕಾನ ಮನೆಗೆ ನೀರು ಕೆಳಗಿನಿಂದ ಬಂತು. ಎರಿ ಮಣ್ಣಿನ ಸ್ವಭಾವವೇ ಹಾಗೆ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆ ಕುಡಿದರೆ ಉಬ್ಬುತ್ತದೆ, ಕುಡಿದದ್ದನ್ನು ಬೇಗ ಬಿಡುವುದಿಲ್ಲ. ಬಿಟ್ಟಾಗ ಎಲ್ಲಿ ಸಂದು ಸಿಗುತ್ತದೋ ಅಲ್ಲಿ ಬಿಡುತ್ತದೆ. ಕಾಕಾನ ಗೋಡೆಯಲ್ಲಿ ಸಂದು ಸಿಕ್ಕಿತು.

ಹೀಗೆ ಮೋಟರು ಬಂತು. ನೆಲಮನೆಯ ಅತಿ ತಗ್ಗಿನ ಮೂಲೆಯಲ್ಲಿ ಒಂದು ಗುಂಡಿ; ಒಸರಿದ ನೀರೆಲ್ಲ ಅಲ್ಲಿಗೆ ಇಳಿಯುತ್ತದೆ. ನೀರೇರಿದಂತೆ ಪ್ಲಾಸ್ಟಿಕ್ ಬುಗ್ಗೆಯೊಂದು ತೇಲಿ ಮೇಲೆದ್ದು ಸ್ವಿಚ್ ಹಾಕುತ್ತದೆ, ನೀರಿಳಿದಾಗ ತಾನೂ ಇಳಿದು ಆರಿಸುತ್ತದೆ. ಪೈಪಿನ ನಡುವೆ ಒಂದು ವಾಲ್ವ್. ಅದು ಕೆಟ್ಟರೆ ಏರಿದ ನೀರು ತಿರುಗಿ ಗುಂಡಿಗೇ ಬಿದ್ದು, ಮೋಟರು ರಾತ್ರಿಯೆಲ್ಲ ಅದೇ ನೀರನ್ನು ಎತ್ತುತ್ತ ಕೂಡಬೇಕು. ಇಂಥ ದುಡಿಮೆಯನ್ನು ತಾವು ಕೆಲವು ಕಚೇರಿಗಳಲ್ಲಿ ಕಂಡದ್ದುಂಟೆಂದು ಕಾಕಾ ಹೇಳುತ್ತಿದ್ದರು.

ಈ ಯಂತ್ರಕ್ಕೆ ದುಡಿಮೆಗಿಂತ ಆರಾಮವೇ ವೈರಿ. ನಮ್ಮ ಕಡೆ ವರ್ಷದ ಬಹುಭಾಗ ಅದಕ್ಕೆ ಕೆಲಸವಿಲ್ಲ. ಒಣಗುಂಡಿಯಲ್ಲಿ ಕುಳಿತು ಕುಳಿತು ಒಳಗಿನ ಚಕ್ರ ಬಿಗಿಯುತ್ತದೆ, ಎರಿ ಮಣ್ಣಿನ ರಾಡಿ ಜಾಳಿಗೆಗೆ ಅಂಟಿ ಕಲ್ಲಾಗುತ್ತದೆ, ವೈರನ್ನು ಇಲಿ ರುಚಿ ನೋಡಿರುತ್ತದೆ. ಆದ್ದರಿಂದ ಪ್ರತಿ ಅಮಾವಾಸ್ಯೆಗೆ ಕಾಕಾ ಧೋತರ ಎತ್ತಿ ಕಟ್ಟಿ ಕೆಳಗಿಳಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜಾಳಿಗೆ ತಿಕ್ಕಿ, ಗುಂಡಿಗೆ ಕೊಡಗಟ್ಟಲೆ ನೀರು ಸುರಿದು, ಬುಗ್ಗೆ ಏಳುವವರೆಗೆ ಕಾಯುವರು. ಚೈತ್ರ, ವೈಶಾಖದಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು ಹಚ್ಚುವ ದಿನಗಳಲ್ಲೂ ಈ ವ್ರತ ತಪ್ಪಲಿಲ್ಲ. "ಕುಡ್ಯಾಕ ನೀರಿಲ್ಲ, ನಿಮ್ಮ ಮೋಟರಿಗೆ ಮಜ್ಜನ ನಡದದ!" ಎಂದು ಕಾಕು ಮೇಲಿನಿಂದ ಕೂಗುವಳು. ಕಾಕಾ ಮಾತಾಡುತ್ತಿರಲಿಲ್ಲ. ಪೈಪಿನ ಬಾಯಿಗೆ ಮೊದಲೇ ಬಕೆಟ್ ಇಟ್ಟಿರುತ್ತಿದ್ದರು. ಸುರಿದದ್ದರಲ್ಲಿ ಹೆಚ್ಚಿನದು ಅಲ್ಲಿಗೇ ಬಂದು ಬೀಳುತ್ತಿತ್ತು.

ಮಳೆಗಾಲದಲ್ಲೂ ಅವರು ಪೈಪನ್ನು ಗಟಾರಕ್ಕೆ ಬಿಡಲಿಲ್ಲ. ಮೋಟರು ಕೂಡಿಸಿದವನು ಎಷ್ಟು ಹೇಳಿದರೂ ಕೇಳಲಿಲ್ಲ. ನೀರು ಬಂದು ಬ್ಯಾರಲ್ ತುಂಬಬೇಕು, ಬ್ಯಾರಲ್ ತುಂಬಿದರೆ ದನದ ಬಾನಿ, ಬಾನಿ ತುಂಬಿದರೆ ಬೇವಿನ ಗಿಡ. ಎಲ್ಲ ತುಂಬಿದಾಗ ಓಣಿಯ ಹೆಂಗಸರನ್ನು ಕೂಗಿ ಕರೆಯುವರು. ನೀರು ಸವುಳು, ಬೇಳೆ ಬೇಯದು, ಸಾಬೂನು ನೊರೆ ಬಿಡದು. ಆದರೂ, "ಮಡಿವಾಳ ಮಾಚಯ್ಯ ಹುಟ್ಟಿದ ಊರಾಗ ಅರಿಬಿ ಒಗಿಯೂ ನೀರು ಗಟಾರಕ್ಕ ಬಿಡತೀರೇನು?" ಎಂದು ಅವರು ಹನ್ನೆರಡನೆಯ ಶತಮಾನದ ಶರಣರನ್ನೇ ಎಳೆತಂದರೆ ಎದುರಾಡುವ ಧೈರ್ಯ ಯಾರಿಗಿತ್ತು? ಹೆಂಗಸರು ಬಂದು ಒಗೆದು ಹೋಗುವರು. ಬೇವಿನ ಬುಡದಲ್ಲಿ ನಿಂತ ನೀರು ಮಾತ್ರ ಮೆಲ್ಲಗೆ ನೆಲಕ್ಕಿಳಿದು, ಗೋಡೆಯ ಸಂದು ಹುಡುಕಿ, ಮತ್ತೆ ನೆಲಮನೆಗೇ ಬರುತ್ತಿತ್ತೆಂದು ನನ್ನ ಗುಮಾನಿ. ವಾಲ್ವ್ ಮಾಡಬಾರದೆಂದ ಕೆಲಸವನ್ನು ಕಾಕಾ ತಾವೇ ಮಾಡುತ್ತಿದ್ದರು. ಬರ ಉಂಡು ಬೆಳೆದ ಕೈಗೆ ನೀರು ಚೆಲ್ಲುವುದು ಬರುವುದಿಲ್ಲ.

ಮಳೆಯ ಜೋಡಿ ಕರೆಂಟು ಹೋಗುವುದು ನಮ್ಮ ಕಡೆಯ ಪದ್ಧತಿ. ಮೋಟರು ಬೇಕಾದ ಗಳಿಗೆಯಲ್ಲೇ ಅದು ಗೊಂಬೆ. ಅದಕ್ಕಾಗಿ ಇನ್ವರ್ಟರ್ ಬಂತು, ಅದರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಂತು. ಬಾಟಲಿಯಲ್ಲಿ ನೀರು ಕೊಂಡು ತಂದು, ನೀರು ಹೊರಹಾಕುವ ಯಂತ್ರವನ್ನು ಸಾಕುವ ಈ ಲೆಕ್ಕ ಕಾಕುಗೆ ಕಡೆಯವರೆಗೂ ಹತ್ತಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮುಳುಗಿತು. ಕೆರೆಗಳು ಕೋಡಿ ಬಿದ್ದು ಬೆಳ್ಳಂದೂರು, ಯಮಲೂರಿನ ಕಡೆ ಕಾರುಗಳು ತೇಲಿದವು, ಕಂಪ್ಯೂಟರ್ ಮಂದಿ ಟ್ರ್ಯಾಕ್ಟರಿನಲ್ಲಿ ನಿಂತು ಕೆಲಸಕ್ಕೆ ಹೋದರು. ಅದೇ ವಾರ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ, ಮುಳುಗಿದ ಊರಿಗೆ ಕುಡಿಯುವ ಕಾವೇರಿ ನಿಂತಿತು. ಟಿವಿಯಲ್ಲಿ ಟ್ರ್ಯಾಕ್ಟರ್ ಕಂಡು ಕಾಕಾ ಬೀಗಿದರು. ಆಮೇಲೆ ಮಗನ ನೆನಪಾಗಿ ಫೋನ್ ಹಚ್ಚಿದರು. ಅವನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೂ ಮೊಳಕಾಲುದ್ದ ನೀರು.

"ನಿಮ್ಮ ಮೋಟರಿಗೆ ಅಮಾಸಿಗೊಮ್ಮೆ ನೀರು ಕುಡಸತೀರೇನೋ?"

"ಅದು ಅಸೋಸಿಯೇಶನ್ನವರು ನೋಡತಾರಪ್ಪಾ."

"ಅವರು ಯಾರಪಾ?"

ಮಗನಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಂದು ಕಾಕಾ ಬಹಳ ಹೊತ್ತು ಮಾತಾಡಿದರು. ಜಾಳಿಗೆ ಬಿಚ್ಚುವುದು ಹೇಗೆ, ಕೈ ಹಾಕುವ ಮೊದಲು ಪ್ಲಗ್ ತೆಗೆಯಬೇಕು, ಬುಗ್ಗೆ ಗೋಡೆಗೆ ತಾಗದ ಹಾಗೆ ನೋಡಿಕೊಳ್ಳಬೇಕು. ಮಗ ಸುಮ್ಮನೆ ಕೇಳಿದನಂತೆ. ವರ್ಷಗಳಿಂದ ಅಪ್ಪ ಮಗ ಅಷ್ಟು ಹೊತ್ತು ಮಾತಾಡಿದ್ದು ಇಲ್ಲವೆಂದು ಕಾಕು ನನಗೆ ಹೇಳಿದಳು.

ಇತ್ತೀಚೆಗೆ ನಾನು ಕೆಳಗಿಳಿದು ನೋಡಿದೆ. ಜೋಳವಿಲ್ಲ, ತೊಗರಿಯಿಲ್ಲ, ಹೊಲ ಲಾವಣಿಗೆ ಹೋಗಿದೆ, ಮಾಲು ಹೊಲದಿಂದಲೇ ಅಡತಿ ಅಂಗಡಿಗೆ ಹೋಗುತ್ತದೆ. ಉಳಿದದ್ದು ಒಂದು ಕೂರಿಗೆ, ಕುಂಟೆ, ಮುತ್ಯಾನ ಕಂದೀಲು, ಮಡಚಿಟ್ಟ ಖಾಲಿ ಚೀಲ. ನೀರು ಬಂದರೂ ಕೆಡುವಂಥದ್ದು ಏನೂ ಇಲ್ಲ. ನೆಲ ಮಾತ್ರ ಒಣಗಿ ಚೊಕ್ಕವಾಗಿತ್ತು. ಕಾಕಾನಿಗೆ ಮೊಣಕಾಲು ನೋವು. ಮೆಟ್ಟಿಲು ಇಳಿಯಲಾಗದೆ ಈಗ ಮೇಲೇ ಕುಳಿತು, ಜೋಳ ಸುರಿಯಲು ಬಿಟ್ಟಿದ್ದ ಕಿಂಡಿಯಿಂದ ಗುಂಡಿಗೆ ನೀರು ಹೊಯ್ಯುತ್ತಾರೆ.

ಹೋದ ದೀಪಾವಳಿಗೆ ಮಗ ಬಂದು, ನೆಲಮನೆಗೆ ಮುರಮ ತುಂಬಿ ಮುಚ್ಚಿಬಿಡೋಣ ಎಂದ. ಕಾಕಾ ಒಂದೇ ಮಾತಿಗೆ ಒಪ್ಪಿದರು. ಆದರೆ ಟಿಪ್ಪರಿನವನು ಬಂದು ರೇಟು ಹೇಳಿದಾಗ ಚೌಕಾಸಿ ಶುರುವಾಯಿತು. ಅವನು ಇಳಿದಷ್ಟೂ ಕಾಕಾ ಇನ್ನೂ ಕೆಳಗಿಳಿದರು. ಮಗನ ರಜೆ ಮುಗಿಯಿತು, ವ್ಯವಹಾರ ಕುದುರಲಿಲ್ಲ. ಅವನ ಬಸ್ಸು ಹೋದ ಮರುದಿನ ಮುಂಜಾನೆ ಕಾಕಾ ವೈಂಡಿಂಗ್ ಅಂಗಡಿಯ ಹುಡುಗನನ್ನು ಕರೆಸಿ, ಮೋಟರಿಗೆ ಹೊಸ ಬೇರಿಂಗ್, ಹೊಸ ಸೀಲ್ ಹಾಕಿಸಿದರು. ಅವನು ಕೇಳಿದಷ್ಟು ಕೊಟ್ಟು, ಚಹಾಕ್ಕೆಂದು ಮೇಲೆ ಇಪ್ಪತ್ತು ರೂಪಾಯಿ ಇಟ್ಟರು.