ಉಂಡ ಎಲೆ ಮಣ್ಣಿಗೆ ಸಲ್ಲುವ ಬಗೆ



ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡಿದ್ದವರು ಆಯ್ದಕ್ಕಿ ಮಾರಯ್ಯನವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದ ಪ್ರಸಂಗ ಸರ್ವವಿದಿತ. ಆಸೆಯನ್ನು ಗೆದ್ದುದಕ್ಕೆ ನಿದರ್ಶನವಾಗಿ ಇದನ್ನು ಹೇಳುವುದುಂಟು. ನೆಲಕ್ಕೆ ಬಿದ್ದ ಕಾಳಿಗೂ ಅಲ್ಲಿ ಹೊಣೆ ಹೊತ್ತವರಿದ್ದರೆಂಬುದೂ ಗಮನಾರ್ಹ.

ನಂಜನಗೂಡಿನ ಹಿರಿಯ ಭಕ್ತರೊಬ್ಬರ ಮನೆಯಲ್ಲಿ ಮೊಮ್ಮಗನ ಲಿಂಗದೀಕ್ಷೆ ನೆರವೇರಿತು. ಬಂದವರೆಲ್ಲ ಬಾಳೆ ಎಲೆಯಲ್ಲಿ ಪ್ರಸಾದ ಸ್ವೀಕರಿಸಿದರು. ಉಳಿದ ಅನ್ನವನ್ನೂ ಉಂಡ ಎಲೆಗಳನ್ನೂ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯಿ ಕಟ್ಟಿ, ಕಸದ ಗಾಡಿಗೆ ಇಡಲಾಯಿತು. "ಎಲೆ ತಾನೆ, ಮಣ್ಣಿಂದ ಬಂದದ್ದು ಮಣ್ಣಿಗೆ ಹೋಗುತ್ತದೆ" ಎಂದರು ಹಿರಿಯರು. ಟಿ. ನರಸೀಪುರದಿಂದ ಬಂದಿದ್ದ ಅವರ ಬೀಗರು ಬಾಳೆ ಬೆಳೆಯುವ ರೈತರು. "ಹೀಗೆ ಚೀಲ ಕಟ್ಟಿದ ಮೇಲೆ ಮಣ್ಣಿನ ಮಾತೆಲ್ಲಿ ಬಂತು ಬೀಗರೇ? ಅನ್ನದ ವಾಸನೆಗೆ ಇಂಥದೇ ಚೀಲ ನುಂಗಿ ನಮ್ಮ ಹಸು ಸತ್ತಿತು" ಎಂದರು. ಹಿರಿಯರು ನಿರುತ್ತರರಾದರು.

ಬೀಗರ ಮಾತು ವಿಜ್ಞಾನಕ್ಕೂ ಸಮ್ಮತವಾದುದು. ಅನ್ನ, ಎಲೆ, ಹೂವು, ಸಿಪ್ಪೆ ಗಾಳಿಯಾಡುವಲ್ಲಿ ಕೊಳೆತರೆ ಗೊಬ್ಬರವಾಗುತ್ತವೆ. ಕಸದ ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಬೇರೆ ಬಗೆಯ ಸೂಕ್ಷ್ಮಾಣುಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಗುಡ್ಡಕ್ಕೆ ಹತ್ತಿದ ಬೆಂಕಿಯನ್ನೂ ಉರಿಸುತ್ತದೆ. ಕೊಳೆತ ರಸವು ಮಳೆನೀರಿನೊಡನೆ ಬೆರೆತು, ಹಳೆಯ ಬ್ಯಾಟರಿಗಳ ಲೋಹಾಂಶವನ್ನೂ ಕರಗಿಸಿಕೊಂಡು ಅಂತರ್ಜಲಕ್ಕೆ ಇಳಿಯುತ್ತದೆ. ನಂಜನಗೂಡನ್ನು ಹಾದ ಕಪಿಲೆಯೇ ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುವಳು. ಮೇಲಿನ ಊರಿನವರು ದಡದಲ್ಲಿ ಬಿಟ್ಟದ್ದು ಕೆಳಗಿನ ಊರಿನವರ ಪಾಲಿಗೆ ಬರುತ್ತದೆ.

ಕೊಳೆಯುವ ಕಸವನ್ನು ಹೂಳದೆ ಗೊಬ್ಬರವಾಗಿಸಬೇಕೆಂದು ಕೇಂದ್ರ ಸರ್ಕಾರದ 2000ದ ನಿಯಮಗಳೇ ಹೇಳಿದ್ದವು. 2016ರ ನಿಯಮಗಳು ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದವು. ಬೆಂಗಳೂರಿನ ಕಸ ಹೊತ್ತ ಮಂಡೂರಿನ ಜನರು ದುರ್ವಾಸನೆ, ಕೆಟ್ಟ ನೀರುಗಳಿಂದ ಬೇಸತ್ತು 2014ರಲ್ಲಿ ಹೋರಾಡಬೇಕಾಯಿತು. ಮನೆ ಮನೆಯಲ್ಲಿ ಬೇರ್ಪಡದೆ ಹೊರಟ ಅನ್ನವೂ ಆ ಗುಡ್ಡದಲ್ಲಿತ್ತು.

ಮರುವರ್ಷ ಅದೇ ಮನೆಯಲ್ಲಿ ಗುರುಪೂಜೆ ನಡೆದಾಗ, ಬಡಿಸುವವರು ಕೇಳಿ ಕೇಳಿ ಬಡಿಸಿದರು. ಹಿತ್ತಿಲಲ್ಲಿ ಹಿರಿಯರು ತಾವೇ ಗುಂಡಿ ತೋಡಿಸಿ, ಎಲೆಗಳನ್ನು ಸಣ್ಣಗೆ ಹೆಚ್ಚಿಸಿ, ಒಣ ತರಗು, ಸಗಣಿಗಳೊಡನೆ ಪದರ ಪದರವಾಗಿ ಹಾಕಿಸಿದರು. ಗಾಳಿಯಾಡಲೆಂದು ಆಗಾಗ ಮಗುಚಿದರು. ಕೆಲವು ತಿಂಗಳಲ್ಲಿ ಅದು ಕಪ್ಪನೆಯ, ಮಣ್ಣಿನ ವಾಸನೆಯ ಗೊಬ್ಬರವಾಯಿತು. ಎರಡು ಮೂಟೆ ಬೀಗರ ಬಾಳೆತೋಟಕ್ಕೆ ಹೋಯಿತು.

ದಾಸೋಹವೆಂಬುದು ಬಡಿಸುವುದರೊಂದಿಗೆ ಮುಗಿಯದು. ಮಡಿಸಿದ ಎಲೆ ಎಲ್ಲಿಗೆ ಸೇರಿತೆಂದು ಅರಿಯುವುದೂ ಅದರದೇ ಭಾಗ. ಮುಂದಿನ ಜಾತ್ರೆಗೆ, ಮನೆಯ ಮಂಗಳಕಾರ್ಯಕ್ಕೆ ಅಣಿಯಾಗುವ ಭಕ್ತರು ಒಲೆ ಹೂಡುವ ಮುನ್ನ ಒಂದು ಗುಂಡಿಯನ್ನೂ ತೋಡಿಡಲಿ.